ಅರ್ಧ ಬರೆದ ಕಣ್ಣು

ನಾನು ಹೋಗುವಷ್ಟರಲ್ಲಿ ಕಂದಿ ಕುದುರೆಯ ಕುತ್ತಿಗೆಯ ಕೂದಲನ್ನು ಅಂಗೈಯಗಲ ಬೋಳಿಸಿ ಆಗಿತ್ತು. ಸೂಜಿ ಚುಚ್ಚಲು ಜಾಗ.

ಬೋಳಿಸಿದಲ್ಲಿ ಚರ್ಮ ಬೂದುಬಣ್ಣ. ಉಳಿದ ಮೈಯೆಲ್ಲ ನೆನೆದ ಇಟ್ಟಿಗೆಯ ಕಂದು; ಹಣೆಯಲ್ಲಾಗಲಿ ಕಾಲಲ್ಲಾಗಲಿ ಒಂದು ಬಿಳಿ ಕೂದಲಿಲ್ಲ. ಪಕ್ಕದಲ್ಲಿ ಮಗುಚಿದ ಬಕೆಟ್ಟಿನ ಮೇಲೆ ಗಾಡಿಯಕ್ಕ ಕೂತಿದ್ದಳು. ಬೆಳಿಗ್ಗೆ ಐದಕ್ಕೇ ಬಂದಳಂತೆ. ಕಾವಲಿನವನು ಬಿಡದಿದ್ದಾಗ, ಕುದುರೆ ಕದ್ದವಳು ಅಂತೀರಲ್ಲ, ಹಾಗಾದರೆ ನನ್ನನ್ನೂ ಒಳಗೇ ಹಾಕಿ ಎಂದು ಬಾಗಿಲು ತೆಗೆಸಿಕೊಂಡಳಂತೆ.

ಗಂಟೆ ಹತ್ತು. ಆದೇಶದಲ್ಲಿ ಇದ್ದದ್ದು ಸಂಜೆ ನಾಲ್ಕು.

ಅದು ರೋಗದ ಕುದುರೆಗಳನ್ನು ಬೇರೆ ಇಡುವ ಷೆಡ್ಡು. ತಗಡಿನ ಮಾಡು, ತೊಳೆದ ಸಿಮೆಂಟು ನೆಲ, ನೊಣ ಬಾರದಂತೆ ನಾಲ್ಕೂ ಕಡೆ ಜಾಲರಿ. ಈ ರೋಗ ರಕ್ತದಲ್ಲಿ ಸುಮ್ಮನೆ ಕೂತಿರುತ್ತದೆ. ಕುದುರೆ ಚೆನ್ನಾಗಿಯೇ ತಿನ್ನುತ್ತದೆ, ಓಡುತ್ತದೆ. ಅದನ್ನು ಕಚ್ಚಿದ ನೊಣ ಪಕ್ಕದ ಕುದುರೆಯನ್ನೂ ಕಚ್ಚಿದರೆ ರೋಗ ಅಲ್ಲಿಗೂ ಹೋಗುತ್ತದೆ. ಮದ್ದಿಲ್ಲ. ಹಾಗಾಗಿ ರಕ್ತದಲ್ಲಿ ಸಿಕ್ಕಿದರೆ ಆದೇಶ ಹೊರಟ ಮೂರು ದಿನದೊಳಗೆ ಕೊಲ್ಲಬೇಕು. ಮತ್ತೊಮ್ಮೆ ರಕ್ತ ಕಳಿಸಿದರೆ ಉತ್ತರ ಬರಲು ಹದಿನೈದು ದಿನ.

ರೋಗ ಸಿಕ್ಕಿದ್ದು ೪೧೭ರ ರಕ್ತದಲ್ಲಿ. ೪೧೭ ಸವಾರಿ ಶಾಲೆಯ ಹೆಣ್ಣು ಕುದುರೆ; ರಕ್ತ ತೆಗೆದದ್ದೂ ಅಲ್ಲೇ. ಅದು ತನ್ನ ಲಾಯದಿಂದ ಕಳುವಾಗಿದೆ ಎಂದು ಶಾಲೆಯ ಯಜಮಾನ ಹೋದ ವಾರ ದೂರು ಕೊಟ್ಟಿದ್ದ. ಹುಡುಕಿದಾಗ, ಗೊರಸಿನ ಮೇಲೆ ೪೧೭ ಎಂದು ಸುಟ್ಟ ಗುರುತಿದ್ದ ಕುದುರೆ ಸಿಕ್ಕಿದ್ದು ಗಾಡಿಯಕ್ಕನ ಕೊಟ್ಟಿಗೆಯಲ್ಲಿ. ಇದು ನನ್ನ ಕಂದಿ, ಇವಳ ನಂಬರು ೩೮೮ ಎಂದು ಅವಳ ವಾದ. ಗೊರಸು ನಮ್ಮ ಉಗುರಿನ ಹಾಗೆ ಬೆಳೆದು ಸವೆಯುತ್ತದೆ. ವರ್ಷಕ್ಕೊಮ್ಮೆ ನಂಬರನ್ನು ಹೊಸದಾಗಿ ಸುಡಬೇಕು. ಹೋದ ತಿಂಗಳು ಸವಾರಿ ಶಾಲೆಯ ಅಂಗಳದಲ್ಲಿ ಸುಡಿಸಿದಾಗ ಲಾಳ ಕಟ್ಟುವವನು ಬೇರೆ ನಂಬರು ಒತ್ತಿದ್ದಾನೆ ಎನ್ನುತ್ತಾಳೆ. ಲಾಳ ಕಟ್ಟುವವನು ಅಂದಿನಿಂದ ಊರಲ್ಲಿಲ್ಲ.

ಗೊರಸಿನ ನಂಬರು ಸುಳ್ಳು ಹೇಳಬಹುದು. ಕಣ್ಣಿನ ಹಿಂಗೋಡೆ ಹೇಳುವುದಿಲ್ಲ. ಅಕ್ಷಿಪಟದ ಮೇಲೆ ರಕ್ತನಾಳಗಳು ಹರಡಿಕೊಂಡ ರೀತಿ ಒಂದು ಕುದುರೆಯದು ಇನ್ನೊಂದಕ್ಕಿಲ್ಲ. ನಡುವೆ ನರ ಹೊರಡುವ ಒಂದು ಬಿಲ್ಲೆ. ಅದರ ಅಂಚಿನಿಂದ ಸುತ್ತಲೂ ರೆಪ್ಪೆಗೂದಲಿನಂಥ ಐವತ್ತು ಅರವತ್ತು ಎಳೆ. ಹಸುವಿನಲ್ಲಿ, ನಾಯಿಯಲ್ಲಿ ನಾಳಗಳು ಕಣ್ಣಿನ ತುಂಬ ಬಳ್ಳಿಯ ಹಾಗೆ ಹಬ್ಬುತ್ತವೆ. ಕುದುರೆಯಲ್ಲಿ ಅವು ಗಿಡ್ಡ. ಬಿಲ್ಲೆಯಿಂದ ಹೊರಟು ಸ್ವಲ್ಪ ದೂರ ಹೋಗಿ ನಿಂತುಬಿಡುತ್ತವೆ. ಇದಕ್ಕೆಂದೇ ನೋಂದಣಿ ಕಚೇರಿ ಪ್ರತಿ ಕುದುರೆಯ ಕಣ್ಣಿನ ಚಿತ್ರ ಇಟ್ಟುಕೊಂಡಿದೆ. ತಕರಾರು ಬಂದಾಗ ನನ್ನನ್ನು ಕರೆಯುತ್ತಾರೆ.

ಮೂರು ದಿನದ ಹಿಂದೆ ಕೇಳಿದ್ದು ಒಂದೇ ಪ್ರಶ್ನೆ: ಇದು ೩೮೮ ಹೌದೋ ಅಲ್ಲವೋ. ಈ ಕುದುರೆಯ ಕಣ್ಣಿನ ಫೋಟೋ ತೆಗೆದೆ. ರಿಜಿಸ್ಟರಿನ ೩೮೮ನೇ ಪುಟದ ಪಕ್ಕ ಇಟ್ಟೆ. ಅಲ್ಲ ಎಂದು ಬರೆದು ಸಹಿ ಹಾಕಿದೆ.

ಗಾಡಿಯಕ್ಕ ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ಸಲೀಸಾಗುತ್ತಿತ್ತು.

"ನೀವು ಇವಳ ಕಣ್ಣು ನೋಡಿದ್ದೀರಿ, ಡಾಕ್ಟ್ರಮ್ಮ," ಎಂದಳು. "ನಾನು ಇವಳನ್ನ ನೋಡಿದ್ದೀನಿ. ಒಂಬತ್ತು ವರ್ಷ."

ಎದ್ದು ಬಕೆಟ್ಟಿನ ತಳಕ್ಕೆ ಬೆರಳಿನಿಂದ ಎರಡು ಸಲ ಬಡಿದಳು. ಕಂದಿ ಲೆಕ್ಕ ಹಾಕಿದ ಹಾಗೆ ಮೂರು ಹೆಜ್ಜೆ ಹಿಂದಕ್ಕೆ ಬಂತು. ಗಾಡಿಯ ಎರಡು ಮೂಕಿಗಳ ನಡುವೆ ನಿಂತಂತೆ ನೆಟ್ಟಗೆ ನಿಂತು, ಎಡಗಿವಿಯನ್ನು ಅವಳ ಕಡೆ ತಿರುಗಿಸಿತು. ಅಲ್ಲಿ ಗಾಡಿಯಿರಲಿಲ್ಲ. ಲಾರಿ ನುಗ್ಗದ ಓಣಿಗಳಲ್ಲಿ ಮನೆ ಬದಲಾಯಿಸುವವರ ಬೀರು ಮಂಚಗಳನ್ನು ಇಬ್ಬರೂ ಒಂಬತ್ತು ವರ್ಷ ಸಾಗಿಸಿದ್ದರು.

ಇನ್ಸ್‌ಪೆಕ್ಟರು ಜಾಲರಿಯ ಆಚೆ ನಿಂತು ನೋಡುತ್ತಿದ್ದರು. ಕೆಟ್ಟವರಲ್ಲ. ಕಾಗದವನ್ನು ನಂಬುವವರು, ಅಷ್ಟೆ. ಸವಾರಿ ಶಾಲೆಯ ಕುದುರೆಗೆ ಗಾಡಿಯ ಅಭ್ಯಾಸ ಎಲ್ಲಿಂದ ಬಂತು ಎಂದು ಕೇಳಿದೆ. ಒಂದು ವಾರದಲ್ಲಿ ಕಲಿಸಿರಬಹುದು ಎಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ದಮ್ಮಿರಲಿಲ್ಲ.

"ನನಗೂ ಕುದುರೆ ಕೊಲ್ಲೋ ಖುಷಿ ಇಲ್ಲ, ಮೇಡಂ. ನಿಮ್ಮ ಕಾಗದದ ಮೇಲೇ ಈ ಆದೇಶ ನಿಂತಿರೋದು. ಬೇರೆ ಕಾಗದ ತನ್ನಿ."

"ತರ್ತೀನಿ," ಎಂದೆ.

ಏನು ತರುವುದೆಂದು ಗೊತ್ತಿರಲಿಲ್ಲ. ಆದರೆ ಬಕೆಟ್ಟಿನ ಸದ್ದಿಗೆ ತಿರುಗಿದ ಆ ಕಿವಿಯನ್ನು ನೋಡಿಯಾಗಿತ್ತು. ತಪ್ಪಿದ್ದರೆ ಅದು ನನ್ನಲ್ಲಿ, ಮತ್ತು ನನ್ನ ತಪ್ಪನ್ನು ಹುಡುಕಲು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಕ್ಯಾಮೆರಾ ಕಚೇರಿಯಲ್ಲಿತ್ತು. ಚೀಲದಲ್ಲಿ ಇದ್ದದ್ದು ಹಣೆಗೆ ಕಟ್ಟುವ ದೀಪ ಮತ್ತು ಕೈಯಲ್ಲಿ ಹಿಡಿಯುವ ಮಸೂರ. ಕಂದಿಯ ಕಣ್ಣಿಗೆ ಪಾಪೆ ಅಗಲವಾಗುವ ಹನಿ ಹಾಕಿ ಗಂಟೆ ಬರೆದುಕೊಂಡೆ: ೧೦-೨೦. ಇದು ನಮ್ಮ ಕಸುಬಿನ ಪದ್ಧತಿ. ಹನಿ ಹಾಕಿದ ಗಂಟೆಯನ್ನು ಆಗಲೇ ಬರೆಯಬೇಕು, ಕಣ್ಣು ನೋಡಿ ಮುಗಿಸಿದ ಗಂಟೆಯನ್ನು ಮುಗಿಸಿದ ಮೇಲೆ. ರಿಜಿಸ್ಟರಿನ ಪ್ರತಿ ಪುಟದಲ್ಲೂ ಎರಡು ಗಂಟೆಗಳಿಗೆ ಎರಡು ಖಾನೆ.

ಇಪ್ಪತ್ತು ನಿಮಿಷ ಕಾದು, ಮಸೂರವನ್ನು ತೋಳಿನಳತೆಯಲ್ಲಿ ಹಿಡಿದೆ. ಬೆಳಕು ಒಳಗಿಳಿಯಿತು. ಗಾಜಿನಲ್ಲಿ ಹಸಿರು ಹೊಳಪು ತುಂಬಿಕೊಂಡು, ಕಿತ್ತಳೆ ಬಣ್ಣದ ಬಿಲ್ಲೆ ತೇಲಿ ಬಂತು. ಬಿಲ್ಲೆಯ ಮೇಲಂಚಿನಲ್ಲಿ ಒಂದು ಸಣ್ಣ ಕಚ್ಚು.

ಮೇಲಂಚಿನಲ್ಲಿ.

ಕೆಲವು ಕುದುರೆಗಳ ಬಿಲ್ಲೆಯಲ್ಲಿ ಹೀಗೆ ಕಚ್ಚು ಇರುವುದುಂಟು. ಇದ್ದರೆ ಕೆಳಗೇ ಇರಬೇಕು. ನಾನು ತೆಗೆದ ಫೋಟೋದಲ್ಲಿಯೂ ಕೆಳಗೇ ಇತ್ತು. ಈಗ ಮೇಲೆ ಕಂಡದ್ದಕ್ಕೆ ಕಾರಣ ನನ್ನ ಕೈಯಲ್ಲಿದ್ದ ಗಾಜು. ಕ್ಯಾಮೆರಾ ಕಣ್ಣನ್ನು ಇದ್ದಂತೆ ತೋರಿಸುತ್ತದೆ. ಕೈಮಸೂರ ತಲೆಕೆಳಗು ಮಾಡುತ್ತದೆ. ಮೇಲಿನದು ಕೆಳಗೆ, ಮೂಗಿನ ಕಡೆಯದು ಕಿವಿಯ ಕಡೆಗೆ. ಮೊದಲ ವರ್ಷದ ಪಾಠ.

ಮೇಲಂಚಿನ ಆ ಕಚ್ಚನ್ನು ನಾನು ಇನ್ನೊಂದು ಕಡೆ ನೋಡಿದ್ದೆ. ರಿಜಿಸ್ಟರಿನ ೩೮೮ನೇ ಪುಟದಲ್ಲಿ. ಪೆನ್ಸಿಲು ಜಾರಿದೆ ಎಂದುಕೊಂಡು ಬಿಟ್ಟಿದ್ದೆ.

ದೀಪ ಬಿಚ್ಚಿದೆ. ಗಾಡಿಯಕ್ಕ ನನ್ನ ಮುಖವನ್ನೇ ನೋಡಿದಳು. ನಾಲ್ಕು ಗಂಟೆಗೆ ಮೊದಲು ಬರುತ್ತೇನೆ ಎಂದೆ. "ಬನ್ನಿ," ಎಂದಳು, ಟೀಗೆ ಕರೆದಷ್ಟು ಸಲೀಸಾಗಿ.

ನೋಂದಣಿ ಕಚೇರಿಯ ಕೋಣೆಯಲ್ಲಿ ಒಂದೇ ಕಿಟಕಿ. ಬೆಳಕಿನ ಮೇಜಿನ ಮೇಲೆ ಕಂದಿಯ ಫೋಟೋ ಇಟ್ಟೆ. ಪಕ್ಕದಲ್ಲಿ ೩೮೮ನೇ ಪುಟ, ತಲೆಕೆಳಗಾಗಿ.

ಫೋಟೋದಲ್ಲಿ, ಗಡಿಯಾರದ ಎರಡು ಗಂಟೆಯ ಜಾಗದಲ್ಲಿ ಕವಲೊಡೆದ ಒಂದು ಎಳೆ. ತಿರುಗಿಸಿದ ಪುಟದಲ್ಲೂ ಎರಡು ಗಂಟೆಯ ಜಾಗದಲ್ಲಿ. ಐದರ ಹತ್ತಿರ ಒಂದಕ್ಕೊಂದು ತಾಗಿ ಹೊರಡುವ ಜೋಡಿ, ಅಲ್ಲೂ ಐದು. ಕಚ್ಚು ಕೆಳಗೆ. ಎಳೆಗಳನ್ನು ಎಣಿಸಿದೆ. ಐವತ್ತಮೂರು, ಐವತ್ತಮೂರು. ಮೂರು ದಿನದ ಹಿಂದೆಯೂ ಎಣಿಕೆ ಸರಿಯಾಗಿತ್ತು, ಜಾಗ ಮಾತ್ರ ತಪ್ಪಿತ್ತು. ಅಲ್ಲೇ ನಿಂತು ಯೋಚಿಸಬೇಕಿತ್ತು.

ಷೆಡ್ಡಿನಲ್ಲಿರುವುದು ೩೮೮. ಕಂದಿ ಕಂದಿಯೇ.

ಇನ್ನು ತಪ್ಪಿನ ವಿಚಾರ. ಎರಡು ವರ್ಷದ ಹಿಂದೆ ಕ್ಯಾಮೆರಾ ಕೆಟ್ಟಿತ್ತು. ಆ ಒಂದೂವರೆ ತಿಂಗಳು ಪುಟಗಳನ್ನು ಕೈಮಸೂರದಲ್ಲಿ ನೋಡಿ ಪೆನ್ಸಿಲಿನಲ್ಲಿ ಬರೆಯಲಾಗಿತ್ತು. ಹಾಗೆ ಬರೆಯುವಾಗ ಡಾಕ್ಟರಾದವರು ಕಾಗದವನ್ನು ಮೊದಲೇ ತಲೆಕೆಳಗು ಹಿಡಿಯುತ್ತಾರೆ. ಬರೆದು ಮುಗಿಸಿ ಕಾಗದ ನೆಟ್ಟಗೆ ಮಾಡಿದರೆ ಕಣ್ಣೂ ನೆಟ್ಟಗಾಗುತ್ತದೆ. ನಮ್ಮ ದೊಡ್ಡ ಡಾಕ್ಟರು ಇದನ್ನು ಸ್ಕೇಲಿನಿಂದ ಗೆಣ್ಣಿಗೆ ಬಡಿದು ಕಲಿಸಿದ್ದರು. ಕೈಬರಹದ ಪುಟಗಳಿಗೆಲ್ಲ ಅವರದೇ ಸಹಿ. ೩೭೯ ನೋಡಿದೆ, ನೆಟ್ಟಗಿತ್ತು. ೩೮೩ ನೆಟ್ಟಗಿತ್ತು. ೩೮೫ರಿಂದ ಮುಂದೆ ಎಲ್ಲವೂ ತಲೆಕೆಳಗು.

೩೮೫ರಿಂದ ಪೆನ್ಸಿಲು ಹಿಡಿದವರು ಡಾಕ್ಟರಲ್ಲ. ಕಂಡದ್ದನ್ನು ಕಂಡಂತೆ ಬರೆದವರು. ನೆರಳಿಗೆ ಎಳೆದ ಗೀಟುಗಳು ಬಲದಿಂದ ಎಡಕ್ಕೆ ವಾಲಿದ್ದವು. ಎಡಗೈ.

ನಾನು ಖಾನೆಯಲ್ಲಿದ್ದ ಗಂಟೆಗಳನ್ನು ನೋಡಿದೆ. ಹನಿ ೯-೧೦. ನೋಡಿದ್ದು ೯-೩೦. ಒಂಬತ್ತರ ಬಾಲ ಗಾಳದ ಹಾಗೆ ಒಳಕ್ಕೆ ಬಾಗಿತ್ತು.

ಮೂರು ದಿನದ ಹಿಂದೆಯೂ ಆ ಒಂಬತ್ತನ್ನು ನೋಡಿದ್ದೆ. ನೋಡಿ, ಕಚ್ಚನ್ನು ಲೆಕ್ಕಕ್ಕೆ ಹಿಡಿಯದೆ, ಬೇಗ ಪುಟ ಮುಚ್ಚಿದ್ದೆ. ನನ್ನ ತಪ್ಪು ಅದು. ಬರೆದವರು ಕಚೇರಿಯ ಫೋಟೋಗ್ರಾಫರು, ನನ್ನ ಗಂಡ. ಸತ್ತು ಎರಡು ವರ್ಷ. ರಿಪೇರಿಯಾದ ಕ್ಯಾಮೆರಾ ತರಲು ಬೆಳಿಗ್ಗೆ ಆರಕ್ಕೆ ಬೈಕಿನಲ್ಲಿ ಹೊರಟಿದ್ದರು. ಅದೇ ಬೆಳಿಗ್ಗೆ ಹನ್ನೊಂದಕ್ಕೆ ಹೆದ್ದಾರಿಯಲ್ಲಿ ಲಾರಿ. ಪೊಲೀಸರ ಕಾಗದ ನನಗೆ ಬಾಯಿಪಾಠವಾಗಿದೆ.

ಇನ್ಸ್‌ಪೆಕ್ಟರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಪುಟದ ಮೇಲೆ ದೊಡ್ಡ ಡಾಕ್ಟರ ಸಹಿಯಿದೆ ಎಂದರು. ಅವರು ಬರೆದದ್ದಾದರೆ ಚಿತ್ರ ನೆಟ್ಟಗಿದೆ, ಕುದುರೆ ಸಾಯುತ್ತದೆ. ಅವರು ಬರೆದದ್ದಲ್ಲ ಎಂದು ಅವರೇ ಬರೆದುಕೊಡಬೇಕು. ಜೊತೆಗೆ ಫೋಟೋಗ್ರಾಫರ ಕೈಬರಹಕ್ಕೆ ಒಂದು ನಮೂನೆ.

"ಇಲ್ಲಾಂದ್ರೆ ನಾಳೆ ಎಲ್ಲರೂ ಪುಟ ತಿರುಗಿಸಿ ತಮಗೆ ಬೇಕಾದ ಕುದುರೆ ತೋರಿಸ್ತಾರೆ, ಮೇಡಂ."

ಅವರ ಮಾತು ಸರಿಯಾಗಿತ್ತು. ಇನ್ನೊಂದು ಮಾತು ಎಂದರು. ಇದು ೪೧೭ ಅಲ್ಲ ಎನ್ನುವುದೂ ಕಾಣಬೇಕು. ಆ ಪುಟ ಎಲ್ಲಿ? ನಾನೂರರ ಮೇಲಿನ ಪುಟಗಳು ಎರಡನೇ ಸಂಪುಟದಲ್ಲಿದ್ದವು. ಎರಡನೇ ಸಂಪುಟ ಕಪಾಟಿನಲ್ಲಿರಲಿಲ್ಲ. ಕೊಂಡೊಯ್ದವರ ಚೀಟಿ ಮಾತ್ರ ಇತ್ತು. ದೊಡ್ಡ ಡಾಕ್ಟರು, ಎರಡು ವರ್ಷದ ಹಿಂದೆ.

ಮನೆ ದಾರಿಯಲ್ಲೇ. ಅತ್ತೆ ಮುಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ಗುಂಡುಪಿನ್ನು ಬಾಯಲ್ಲಿಟ್ಟುಕೊಂಡೇ ಮಾತಾಡುವುದು ಅವರ ಅಭ್ಯಾಸ. ಮದುವೆಯಾದ ಹೊಸತರಲ್ಲಿ ಎಷ್ಟೋ ಮಾತಿಗೆ ಸುಮ್ಮನೆ ತಲೆಯಾಡಿಸಿದ್ದೇನೆ. ಮಿಷನ್ನಿನ ಪಕ್ಕದ ಮೊಳೆಯಲ್ಲಿ ಎಡಗೈಯವರ ಕತ್ತರಿ ನೇತಾಡುತ್ತಿತ್ತು. ಚಿಕ್ಕಂದಿನಲ್ಲಿ ತಾಯಿಗೆ ಬಟ್ಟೆ ಕತ್ತರಿಸಿಕೊಡಲು ಮಗನಿಗೆಂದು ತಂದದ್ದು. ಈಗ ಅದನ್ನು ಹಿಡಿಯುವವರಿಲ್ಲ. ಅತ್ತೆ ಪ್ರತಿ ಭಾನುವಾರ ಅದಕ್ಕೆ ಎಣ್ಣೆ ಬಿಡುತ್ತಾರೆ.

ಗಂಡನ ನೋಟ್‌ಬುಕ್ಕು ಬೇಕು ಎಂದೆ. ಯಾಕೆ ಎಂದರು. ಹೇಳಿದೆ. ತಪ್ಪು ಪುಟ, ತಲೆಕೆಳಗಾದ ಚಿತ್ರ, ನಾಲ್ಕು ಗಂಟೆ.

ಅತ್ತೆ ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದರು.

"ಅಂದ್ರೆ ತಪ್ಪು ಮಾಡಿದ್ದು ನನ್ನ ಮಗ ಅಂತ ಬರೀತೀಯ."

"ಹೌದು ಅತ್ತೆ."

"ಅವನಿಗೆ ಯಾರಾದ್ರೂ ಹೇಳಿಕೊಟ್ಟಿದ್ರಾ, ಕಾಗದ ತಿರುಗಿಸು ಅಂತ?"

"ಇಲ್ಲ ಅನ್ಸುತ್ತೆ."

"ಹಾಗಾದ್ರೆ ಅದನ್ನೂ ಬರಿ." ಡ್ರಾಯರು ತೆಗೆದು ನೀಲಿ ನೋಟ್‌ಬುಕ್ಕು ಕೈಗಿಟ್ಟರು. "ಒಂದೇ ಒಂದು ಸಲ ಹೇಳಿದ್ರೆ ಜನ್ಮದಲ್ಲಿ ಮರೀತಿರಲಿಲ್ಲ ಅವನು. ನಿನ್ನ ಹಾಗಲ್ಲ. ಊಟ ಮಾಡಿ ಹೋಗು ಅಂತ ದಿನಾ ಹೇಳ್ತೀನಿ."

ನಿಂತೇ ನಾಲ್ಕು ತುತ್ತು ತಿಂದು ಹೊರಟೆ.

ದೊಡ್ಡ ಡಾಕ್ಟರ ಮನೆಯಲ್ಲಿ ಗೋಡೆಯ ತುಂಬ ಕಣ್ಣುಗಳು. ಹಸು, ಕುರಿ, ಬೆಕ್ಕು, ನಾಯಿ, ಅವರು ನಲವತ್ತು ವರ್ಷದಲ್ಲಿ ಬರೆದ ಅಕ್ಷಿಪಟಗಳು, ಚೌಕಟ್ಟು ಹಾಕಿಸಿದವು. ಪ್ರತಿ ನಾಳವೂ ಒಂದೇ ಉಸಿರಿನಲ್ಲಿ ಎಳೆದ ಗೆರೆ. ಅವರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಮೊಣಕಾಲ ಮೇಲೆ ಶಾಲು, ಶಾಲಿನ ಕೆಳಗೆ ಎರಡೂ ಕೈ.

ಮೇಜಿನ ಮೇಲೆ ಫೋಟೋ ಇಟ್ಟು, ಪುಟವನ್ನು ನೆಟ್ಟಗೆ ಇಟ್ಟೆ. ಆಮೇಲೆ ತಿರುಗಿಸಿದೆ. ಅವರಿಗೆ ವಿವರಿಸಬೇಕಾಗಿರಲಿಲ್ಲ. ನೋಡಿದ ಅರೆಗಳಿಗೆಯಲ್ಲಿ ತಿಳಿದದ್ದು ಅವರ ಮುಖದಲ್ಲಿ ಕಂಡಿತು. ಅದನ್ನು ಮುಚ್ಚಿಕೊಳ್ಳಲು ಸ್ವಲ್ಪ ಹೆಚ್ಚು ಹೊತ್ತು ಬೇಕಾಯಿತು.

"ಅದು ನಾನು ಬರೆದ ಪುಟ," ಎಂದರು. "ನಾನು ಬರೆದದ್ದು ತಲೆಕೆಳಗಾಗಲ್ಲ. ನಿನ್ನ ಮೊದಲ ವರದಿಯೇ ಸರಿ, ಮಗೂ. ಕರುಣೆಗೆ ಬಿದ್ದು ಕಣ್ಣು ಕಳಕೋಬೇಡ."

ನಾನು ನೀಲಿ ನೋಟ್‌ಬುಕ್ಕು ತೆರೆದು ಒಂಬತ್ತುಗಳನ್ನು ತೋರಿಸಿದೆ. ಅವರು ಕಿಟಕಿಯ ಆಚೆ ನೋಡಿದರು. ಬೇಲಿಯ ಮೇಲೆ ಪಕ್ಕದ ಮನೆಯವರು ಚಾಪೆ ಒಣಹಾಕಿದ್ದರು. ಆಮೇಲೆ ದನಿ ಮೆತ್ತಗೆ ಮಾಡಿ, ಬುದ್ಧಿ ಹೇಳುವವರ ಹಾಗೆ, ಮುಂದಾಗುವುದನ್ನು ಬಿಡಿಸಿಟ್ಟರು. ಬೇರೆಯವರು ಬರೆದದ್ದು ಎಂದರೆ ಕೆಳಗಿನ ಸಹಿ ಕಳ್ಳ ಸಹಿ ಎಂದಾಗುತ್ತದೆ. ಯಾರು ಹಾಕಿದ್ದು ಎಂದು ಕೇಳುತ್ತಾರೆ.

"ಉತ್ತರ ಹೇಳೋಕೆ ಅವನು ಬರ್ತಾನಾ? ಅವನ ಹೆಸರಿಗೆ ಮಸಿ ಬಳಿಯೋಳು ನೀನೇ ಆಗ್ತೀಯ. ಒಂದು ಗಾಡಿ ಕುದುರೆಗೋಸ್ಕರ."

ಎರಡು ವರ್ಷದಿಂದ ನನಗೆ ಸಿಟ್ಟು ಬಂದದ್ದಿಲ್ಲ. ಆಗಲೂ ಬರಲಿಲ್ಲ. ಅದರಿಂದ ಅನುಕೂಲವೇ ಆಯಿತು. ಚೀಲದಿಂದ ಒಂದು ಬಿಳಿ ಹಾಳೆ, ಒಂದು ಪೆನ್ಸಿಲು ತೆಗೆದು ಅವರ ಮುಂದಿಟ್ಟೆ.

"ಒಂದು ಗೆರೆ ಎಳೀರಿ, ಸರ್. ಇಲ್ಲಿಂದ ಇಲ್ಲಿಗೆ. ಕುದುರೆಯ ನಾಳದಷ್ಟು, ಗಿಡ್ಡದು."

ಅವರು ಅಲುಗಲಿಲ್ಲ.

"ನೀವೇ ಬರೆದದ್ದಾದ್ರೆ ಈ ಗೆರೆ ತೋರಿಸಿ ನನ್ನ ಮೊದಲ ವರದಿಯನ್ನೇ ಉಳಿಸಿಕೊಳ್ತೀನಿ. ನಾಲ್ಕು ಗಂಟೆಗೆ ಸೂಜಿ ಹಾಕೋರ ಪಕ್ಕ ನಾನೇ ನಿಲ್ತೀನಿ."

ಶಾಲಿನ ಕೆಳಗಿಂದ ಬಲಗೈ ಹೊರಗೆ ಬಂತು. ಪೆನ್ಸಿಲು ಹಿಡಿಯುವವರೆಗೆ ಸರಿಯಾಗಿಯೇ ಇತ್ತು. ತುದಿ ಕಾಗದಕ್ಕೆ ತಾಗಿದ ಮೇಲೆ ನಡುಗತೊಡಗಿತು. ಹಾಳೆಯ ಮೇಲೆ ಬಿದ್ದದ್ದು ಗೆರೆಯಲ್ಲ, ಗರಗಸದ ಹಲ್ಲು. ಅವರು ಅದನ್ನು ನೋಡಿದರು. ಗೋಡೆಯ ಮೇಲಿನ ಕಣ್ಣುಗಳನ್ನು ನೋಡಲಿಲ್ಲ.

"ಯಾವಾಗಿಂದ, ಸರ್?"

"ಆ ರಿಜಿಸ್ಟರಿನ ಮುನ್ನೂರ ಎಂಬತ್ತೈದನೇ ಕುದುರೆಯಿಂದ," ಎಂದರು. ಸಂಖ್ಯೆಯೂ ನೆನಪಿತ್ತು. "ಅವತ್ತು ಮಸೂರ ಕೈಯಿಂದ ಬಿತ್ತು. ಅವನು ಎತ್ತಿಕೊಟ್ಟ. ಯಾರಿಗೂ ಹೇಳಲ್ಲ ಸರ್ ಅಂದ. ಆಮೇಲೆ ನಾನು ಖಾಲಿ ಪುಟಕ್ಕೆ ಸಹಿ ಹಾಕಿ ಕೊಡ್ತಿದ್ದೆ. ಅವನು ಹೋಗಿ ಬರೀತಿದ್ದ. ಚೆನ್ನಾಗಿ ಬರೀತಿದ್ದ."

"ಕಾಗದ ತಿರುಗಿಸೋದು ಅವರಿಗೆ ಹೇಳಿಕೊಡಲಿಲ್ಲ."

"ಹೇಳಿಕೊಡೋಕೆ ಕೂತ್ರೆ ನಾನೂ ಪೆನ್ಸಿಲು ಹಿಡೀಬೇಕಿತ್ತು. ಎಷ್ಟು ಕೆಟ್ಟಿದೆ ಅಂತ ನೋಡಿಬಿಡ್ತಿದ್ದ." ಪೆನ್ಸಿಲನ್ನು ಹಾಳೆಯ ಪಕ್ಕ ಇಟ್ಟು, "ಪುಟಗಳನ್ನ ತಿರುಗಿಸಿ ನೋಡಬೇಕು ಅಂತ ನನಗೂ ಹೊಳೀಲಿಲ್ಲ," ಎಂದರು.

ನನಗೂ ಹೇಳಿರಲಿಲ್ಲ ನನ್ನ ಗಂಡ. ಕೊಟ್ಟ ಮಾತು ಉಳಿಸಿಕೊಳ್ಳುವ ಕೆಟ್ಟ ಅಭ್ಯಾಸ ಅವರಿಗಿತ್ತು. ಕ್ಯಾಮೆರಾ ಇಲ್ಲದ ಆ ದಿನಗಳಲ್ಲಿ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದ್ದಕ್ಕೆ, ಕುದುರೆ ನೋಡೋಕೆ ಎಂದಿದ್ದರು. ತಮಾಷೆ ಎಂದುಕೊಂಡಿದ್ದೆ.

ಹೇಳಿಕೆಯನ್ನು ನಾನು ಬರೆದೆ. ೩೮೫ರಿಂದ ಮುಂದಿನ ಚಿತ್ರಗಳನ್ನು ಬರೆದವರು ಫೋಟೋಗ್ರಾಫರು. ಕಾಗದ ತಿರುಗಿಸುವ ಪದ್ಧತಿಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಸಹಿಯನ್ನು ಖಾಲಿ ಪುಟಕ್ಕೆ ಮೊದಲೇ ಹಾಕಿಕೊಟ್ಟವರು ದೊಡ್ಡ ಡಾಕ್ಟರು. ಅತ್ತೆ ಹೇಳಿದ್ದನ್ನು ಬಿಡಲಿಲ್ಲ. ದೊಡ್ಡ ಡಾಕ್ಟರು ಓದಿ, ತಿದ್ದದೆ, ಕೆಳಗೆ ಸಹಿ ಹಾಕಿದರು. ಆ ಸಹಿಯೇ ಅರ್ಧ ಸಾಕ್ಷಿಯಾಗಿತ್ತು.

ಎರಡನೇ ಸಂಪುಟ ಬೇಕು ಎಂದೆ. ಅದು ಅವರ ಕುರ್ಚಿಯ ಪಕ್ಕದ ಕಪಾಟಿನಲ್ಲೇ ಇತ್ತು. ನಾನು ಎತ್ತಿಕೊಂಡಾಗ ನಡುಗುವ ಕೈ ಅದರ ರಟ್ಟಿನ ಮೇಲೆ ಬಂದು ಕೂತಿತು.

"ಅದು ಬೇಡ, ಮಗೂ."

"ಯಾಕೆ ಸರ್?"

"ನಾನೂರ ಹದಿನೇಳು ಪೂರ್ತಿಯಾಗಿಲ್ಲ."

"ಇದ್ದಷ್ಟು ಸಾಕು."

ಗಂಟೆ ಮೂರಾಗಿತ್ತು. ಸಂಪುಟವನ್ನು ತೆರೆಯದೆ ಚೀಲಕ್ಕೆ ಹಾಕಿಕೊಂಡು ಹೊರಟೆ. ಬಾಗಿಲವರೆಗೂ ಅವರ ನೋಟ ಬೆನ್ನಿಗಿತ್ತು.

ಷೆಡ್ಡಿನಲ್ಲಿ ತಟ್ಟೆಯ ಮೇಲೆ ಸಿರಿಂಜು ಜೋಡಿಸಿ ಬಿಳಿ ಬಟ್ಟೆ ಮುಚ್ಚಿದ್ದರು. ಕೊಲ್ಲುವ ಡಾಕ್ಟರು ಬೇರೆ, ಚಿಕ್ಕ ವಯಸ್ಸಿನವರು. ನನ್ನನ್ನು ನೋಡಿ ನೆಲ ನೋಡಿದರು. ನಾಲ್ಕಕ್ಕೆ ಇನ್ನೂ ಹದಿನೈದು ನಿಮಿಷ. ಗಾಡಿಯಕ್ಕ ಕಂದಿಯ ಜೂಲನ್ನು ಬಾಚಿ, ಜಡೆಯಂತೆ ಹೆಣೆದಿದ್ದಳು. ಹೆಣೆದ ಜಡೆಯನ್ನು ಬೋಳಿಸಿದ ಜಾಗ ಮುಚ್ಚುವಂತೆ ಆ ಕಡೆಗೆ ಹಾಕಿದ್ದಳು.

ಇನ್ಸ್‌ಪೆಕ್ಟರು ಹೇಳಿಕೆಯನ್ನು ಎರಡು ಸಲ ಓದಿದರು. ನೋಟ್‌ಬುಕ್ಕಿನ ಒಂಬತ್ತನ್ನೂ ಪುಟದ ಒಂಬತ್ತನ್ನೂ ಒತ್ತಟ್ಟಿಗೆ ಹಿಡಿದರು. ಫೋಟೋದ ಎಳೆಗಳನ್ನು ನಾನು ಎಣಿಸಿ ತೋರಿಸಲು ಹೋದರೆ, ಬೇಡ ಎಂದು ತಾವೇ ಎಣಿಸಿದರು. ತುಟಿ ಅಲ್ಲಾಡಿಸುತ್ತ, ಮಧ್ಯೆ ಒಮ್ಮೆ ತಪ್ಪಿ ಮತ್ತೆ ಮೊದಲಿನಿಂದ. ಐವತ್ತಮೂರಕ್ಕೆ ಬಂದು ನಿಂತರು.

"೪೧೭?"

ಎರಡನೇ ಸಂಪುಟ ತೆರೆದು, ಪುಟ ಹುಡುಕಿ, ತಲೆಕೆಳಗಾಗಿ ಅವರ ಮುಂದಿಟ್ಟೆ. ಚಿತ್ರ ಅರ್ಧವಿತ್ತು. ಬಿಲ್ಲೆಯ ಒಂದು ಬದಿಯಲ್ಲಿ ಮಾತ್ರ ಎಳೆಗಳು, ಇಪ್ಪತ್ತೆರಡು. ಅರ್ಧವಾದರೂ ಸಾಕಿತ್ತು. ಕಂದಿಯ ಬಿಲ್ಲೆಯ ಆ ಬದಿಯಲ್ಲಿ ತಾಗಿ ಹೊರಡುವ ಜೋಡಿಯಿದೆ, ಇಲ್ಲಿ ಇಲ್ಲ. ಕಂದಿಯಲ್ಲಿ ಖಾಲಿಯಿರುವ ಕಡೆ ಇಲ್ಲಿ ನಾಲ್ಕು ಎಳೆ ಒತ್ತಾಗಿವೆ.

"ಇದು ಬೇರೆ ಕುದುರೆ," ಎಂದರು ಇನ್ಸ್‌ಪೆಕ್ಟರು. ನಾನು ಹೇಳುವ ಮೊದಲೇ.

ಆದೇಶದ ಕಾಗದದ ಮೇಲೆ ಅಡ್ಡಗೀಟು ಎಳೆದು ಗಂಟೆ ಬರೆದರು. ಚಿಕ್ಕ ಡಾಕ್ಟರು ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದರು, ಸ್ವಲ್ಪ ಬೇಗಬೇಗನೇ. ನಿಜವಾದ ೪೧೭ ಇಂದಿಗೂ ಎಲ್ಲೋ ನಿಂತು ಹುಲ್ಲು ತಿನ್ನುತ್ತಿದೆ, ಅದರ ಮೈಮೇಲೆ ನೊಣ ಕೂರುತ್ತಿದೆ ಎಂದು ಇನ್ಸ್‌ಪೆಕ್ಟರು ಹೇಳಿದರು. ಸವಾರಿ ಶಾಲೆಗೆ ಈಗಲೇ ಹೊರಡುವುದಾಗಿ, ನಾನೂ ಬರಬೇಕೆಂದು, ಈ ಸಲ ಕ್ಯಾಮೆರಾ ಮರೆಯಬಾರದೆಂದು.

ಗಾಡಿಯಕ್ಕನಿಗೆ ನಾನು ಕ್ಷಮೆ ಕೇಳಿದೆ. ಅವಳು ಬೋಳಿಸಿದ ಜಾಗದ ಮೇಲೆ ಅಂಗೈ ಆಡಿಸುತ್ತಿದ್ದಳು.

"ಕೂದಲು ತಾನೆ ಡಾಕ್ಟ್ರಮ್ಮ, ಬರುತ್ತೆ," ಎಂದಳು. ಆಮೇಲೆ ಬಕೆಟ್ಟನ್ನು ನೆಟ್ಟಗೆ ಮಾಡಿ ನಲ್ಲಿಯ ಕಡೆ ನಡೆದಳು. ನೀರಿನ ಸದ್ದಿನ ಮರೆಯಲ್ಲಿ ಅವಳು ಅತ್ತದ್ದು ನನಗೆ ಕೇಳಿಸಿತು. ಕಂದಿಗೂ ಕೇಳಿಸಿತು; ಎಡಗಿವಿ ತಿರುಗಿತು.

ನಾನು ಸಂಪುಟವನ್ನು ಮುಚ್ಚಲು ಹೋದೆ. ಮೂರು ದಿನದ ಹಿಂದೆ ಒಂದು ಪುಟವನ್ನು ಬೇಗ ಮುಚ್ಚಿದ್ದು ನೆನಪಾಯಿತು. ಕೈ ತೆಗೆದೆ. ಪುಟವನ್ನು ನೆಟ್ಟಗೆ ಮಾಡಿ, ಮೇಲಿನಿಂದ ಕೆಳಗೆ, ಒಂದೊಂದೇ ಖಾನೆ ಓದಿದೆ.

ಸ್ಥಳ: ಸವಾರಿ ಶಾಲೆಯ ಲಾಯ. ತಾರೀಖು ಇತ್ತು. ಆ ತಾರೀಖನ್ನು ನಾನು ಓದಬೇಕಾಗಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ, ಗಂಡನ ಫೋಟೋದ ಚೌಕಟ್ಟಿನ ಕೆಳಗೆ, ಅದೇ ತಾರೀಖಿದೆ. ಬೆಳಿಗ್ಗೆ ಆರಕ್ಕೆ ಹೊರಟು, ಪೊಲೀಸರ ಕಾಗದದಂತೆ ಹನ್ನೊಂದಕ್ಕೆ ಹೆದ್ದಾರಿಯಲ್ಲಿ ಸತ್ತ ದಿನ.

ಹನಿ ಹಾಕಿದ ಗಂಟೆ, ಅವರದೇ ಕೈಯಲ್ಲಿ: ಮಧ್ಯಾಹ್ನ ೩-೨೦.

ನೋಡಿ ಮುಗಿಸಿದ ಗಂಟೆಯ ಖಾನೆ ಖಾಲಿ.

ಇನ್ಸ್‌ಪೆಕ್ಟರು ಜೀಪಿನಿಂದ ಕರೆದರು. ನಾನು ಎಳೆಗಳನ್ನು ಇನ್ನೊಮ್ಮೆ ಎಣಿಸುತ್ತಿದ್ದೆ. ಇಪ್ಪತ್ತೆರಡಲ್ಲ, ಇಪ್ಪತ್ತಮೂರು. ಕೊನೆಯದನ್ನು ಆಗ ನಾವಿಬ್ಬರೂ ಪುಟದ ಮಡಿಕೆ ಎಂದುಕೊಂಡಿದ್ದೆವು. ಅದು ಬಿಲ್ಲೆಯ ಅಂಚಿನಿಂದ ಉಳಿದವುಗಳಂತೆಯೇ ನಾಜೂಕಾಗಿ ಹೊರಟು, ಒಮ್ಮೆಲೇ ದಪ್ಪಗಾಗಿ, ಕಾಗದವನ್ನು ಗೀರಿಕೊಂಡು, ಖಾನೆಗಳನ್ನೆಲ್ಲ ದಾಟಿ, ಪುಟದ ತುದಿಯವರೆಗೆ ಹೋಗಿತ್ತು.

ಯಾವ ಕುದುರೆಯ ಕಣ್ಣಿನಲ್ಲೂ ಅಷ್ಟುದ್ದದ ನಾಳ ಇರುವುದಿಲ್ಲ.